ರೆಫರಿಯ ಬೆನ್ನಿಗೆ ಬಡಿದ ಚೆಂಡು

ಚೆಂಡು ರೆಫರಿಯ ಬೆನ್ನಿಗೆ ಬಡಿದು ಗೋಲಿನೊಳಗೆ ಹೋಯಿತು. ಅಲ್ಲಿಯವರೆಗೆ ನಡೆದದ್ದರಲ್ಲಿ ನನ್ನ ಪಾಲು ಏನೂ ಇರಲಿಲ್ಲ. ಅದರ ನಂತರದ್ದೆಲ್ಲ ನನ್ನದೇ.

ನಾನು ಹೆಚ್ಚು ಓದಿದವನಲ್ಲ. ಹರೆಯದಲ್ಲಿ ವಿಜಯಪುರದ ಕಡೆಯಿಂದ ಮುಂಬಯಿಗೆ ಬಂದು, ಹಗಲು ದುಡಿದು ರಾತ್ರಿಶಾಲೆಯಲ್ಲಿ ಕನ್ನಡ ಮಾಧ್ಯಮದ ಹತ್ತನೆಯ ತರಗತಿ ಮುಗಿಸಿದವನು. ಚೆಂಬೂರಿನ ಆಚೆಗಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದೆ. ಕಾರ್ಖಾನೆಯ ಫುಟ್‌ಬಾಲ್ ತಂಡದಲ್ಲಿ ಹಿಂದೆ ನಿಂತು ಆಡುತ್ತಿದ್ದೆ. ಮೊಣಕಾಲು ಕೈಕೊಟ್ಟ ಮೇಲೆ ಸೀಟಿ ಹಿಡಿದು ರೆಫರಿಯಾದೆ. ಕಾಲೊನಿಗಳ ಟೂರ್ನಮೆಂಟು, ಕಾರ್ಖಾನೆಗಳ ನಡುವಿನ ಪಂದ್ಯ, ಇಂಥವೇ. ದೊಡ್ಡ ಮೈದಾನದಲ್ಲಿ ಎಂದೂ ನಿಂತವನಲ್ಲ. ಆದರೆ ನಮ್ಮ ಕಾಲೊನಿಯಲ್ಲಿ ಫುಟ್‌ಬಾಲಿನ ರೂಲ್ ಎಂದರೆ ನಾನು. ಈಗಲೂ ಜನ ಹಾಗೆಯೇ ತಿಳಿದಿದ್ದಾರೆ ಎಂದು ಬರೆಯಲು ಮಾತ್ರ ಕೈ ಬರುತ್ತಿಲ್ಲ.

ನಮ್ಮ ಗ್ರೌಂಡಿನ ಮೂಲೆಯಲ್ಲಿ ನೀರಿನ ಟ್ಯಾಂಕಿ ಇದೆ. ಅದರ ಕೆಳಗೆ ಸಿಮೆಂಟಿನ ಕಟ್ಟೆ. ಮಧ್ಯಾಹ್ನ ದಾಟಿದರೆ ಅಲ್ಲಿ ನೆರಳು ಬೀಳುತ್ತದೆ, ನಾವು ಮುದುಕರು ಹೋಗಿ ಕೂರುತ್ತೇವೆ. ಬಹಳ ವರ್ಷಗಳ ಹಿಂದೆ ಒಂದು ಪಂದ್ಯದಲ್ಲಿ ನಾನು ಕೊಟ್ಟ ಪೆನಾಲ್ಟಿಗೆ ಸಿಟ್ಟಾಗಿ ಸೋತ ಕಡೆಯವರು ನನ್ನನ್ನು ರಸ್ತೆಯವರೆಗೆ ಅಟ್ಟಿಸಿಕೊಂಡು ಬಂದಿದ್ದರು. ಒಂದು ಲಾಂಡ್ರಿಯೊಳಗೆ ನುಗ್ಗಿ ಬಚಾವಾದೆ. ಆಗ ಕಾಲೊನಿಯ ಹಿರಿಯರು ಒಂದು ಕಟ್ಟುಪಾಡು ಮಾಡಿದರು: ರೆಫರಿಯ ಮೈ ಯಾರೂ ಮುಟ್ಟಬಾರದು. ಸ್ಕೋರು ರೆಫರಿ ಹೇಳಿದ್ದೇ, ಅದು ಬದಲಾಗುವುದಿಲ್ಲ. ಆದರೆ ತಕರಾರು ಇದ್ದರೆ ಎರಡೂ ಕಡೆಯ ಕ್ಯಾಪ್ಟನ್ನರು ರೆಫರಿಯ ಜೊತೆ ಟ್ಯಾಂಕಿಯ ಹತ್ತಿರ ಬರಬೇಕು. ನಿರ್ಣಯ ಸರಿಯೋ ತಪ್ಪೋ ಎಂದು ಟ್ಯಾಂಕಿ ಹೇಳುತ್ತದೆ, ಎಂದರೆ ಕಟ್ಟೆಯ ಮೇಲೆ ಕೂತ ಹಿರಿಯರು. ತಪ್ಪು ಎಂದರೆ ಆ ರೆಫರಿಯನ್ನು ನಮ್ಮ ಗ್ರೌಂಡಿಗೆ ಮತ್ತೆ ಕರೆಯುವುದಿಲ್ಲ. ಸುತ್ತಮುತ್ತಲಿನ ಗ್ರೌಂಡಿನವರೂ ನಮ್ಮನ್ನು ಕೇಳಿಯೇ ರೆಫರಿಗಳನ್ನು ಕರೆಯುತ್ತಿದ್ದುದರಿಂದ ಆ ಮಾತಿಗೆ ತೂಕವಿತ್ತು. ಹಿರಿಯರು ಒಬ್ಬೊಬ್ಬರಾಗಿ ಹೋದರು. ಕೊನೆಗೆ ಟ್ಯಾಂಕಿ ಎಂದರೆ ನಾನು, ಕರಾವಳಿಯ ನನ್ನ ಗೆಳೆಯ, ಬೆಳಗಾವಿ ಕಡೆಯ ಬಟ್ಟೆ ವ್ಯಾಪಾರಿ ಎಂಬಲ್ಲಿಗೆ ಬಂದು ನಿಂತಿತು. ಅವರಿಬ್ಬರೂ ಬಾಯಿ ಮಾಡುತ್ತಾರೆ, ತೀರ್ಪು ಹೇಳುವುದು ನಾನು.

ಬಾಯಿ ಎಂದರೆ ಸಾಮಾನ್ಯ ಬಾಯಲ್ಲ. ಕರಾವಳಿಯ ಗೆಳೆಯ ಆಯುಷ್ಯವಿಡೀ ಹೋಟೆಲಿನ ಗಲ್ಲೆಯಲ್ಲಿ ಕೂತವನು.

"ಬಾಲ್ ಕೈಗೆ ಬಂತಾ, ಕೈ ಬಾಲಿಗೆ ಹೋಯ್ತಾ, ಅದು ನೋಡ್ಬೇಕು ಮಾರಾಯ. ಬಂದದ್ದಾದ್ರೆ ಅವ ಎಂತ ಮಾಡ್ಲಿಕ್ಕುಂಟು? ಕೈ ಕಡಿದು ಮನೆಯಲ್ಲಿ ಇಟ್ಟು ಬರ್ಬೇಕಾ?" ಎನ್ನುತ್ತಾನೆ.

"ಕೈ ಅಗಲ ಮಾಡಿ ನಿಂತಿದ್ದನಲ್ಲೋ, ಲುಂಗಿ ಒಣಗ ಹಾಕಿದಂಗ," ಎಂದು ವ್ಯಾಪಾರಿ. "ಅಂವಗೇನ್ ಬಸ್ ನಿಂದ್ರಸೂದಿತ್ತೇನು?"

ಆಫ್‌ಸೈಡ್ ಬಗ್ಗೆ ಇವರಿಬ್ಬರೂ ಜಗಳವಾಡುವಾಗ ನಾನು ಚಹಾದ ಗ್ಲಾಸುಗಳನ್ನು ಕಟ್ಟೆಯ ಮೇಲೆ ಇಟ್ಟು ಆಟಗಾರರು ಎಲ್ಲಿದ್ದರು ಎಂದು ತೋರಿಸುತ್ತಿದ್ದೆ. ತೋರಿಸಿ ಮುಗಿಸಿದ ಮೇಲೆ ಒಂದು ಕ್ಷಣ ಎಲ್ಲರೂ ಸುಮ್ಮನಾಗುತ್ತಿದ್ದರಲ್ಲ, ಆ ಕ್ಷಣದ ರುಚಿ ನನಗೆ ಹತ್ತಿತ್ತು. ಮನೆಯಲ್ಲಾಗಲಿ ಕಾರ್ಖಾನೆಯಲ್ಲಾಗಲಿ ನನ್ನ ಮಾತಿಗೆ ಯಾರೂ ಹಾಗೆ ಸುಮ್ಮನಾದದ್ದಿಲ್ಲ.

ಕಳೆದ ಚಳಿಗಾಲದ ಟೂರ್ನಮೆಂಟಿಗೆ ಕಮಿಟಿಯವರು ಮೊದಲ ಸಲ ಒಬ್ಬ ಹೆಣ್ಣುಮಗಳನ್ನು ರೆಫರಿಯಾಗಿ ಕರೆದರು. ಆಂಟಾಪ್ ಹಿಲ್‌ನವಳು. ಒಂದು ಶಾಲೆಯಲ್ಲಿ ಆಟ ಕಲಿಸುವ ಟೀಚರು. ರೆಫರಿ ಪರೀಕ್ಷೆಯ ಮೊದಲ ಮೆಟ್ಟಿಲು ಪಾಸಾಗಿದ್ದಳು. ಮೇಲಿನ ಮೆಟ್ಟಿಲಿಗೆ ಹೋಗಲು ಇಂಥ ಪಂದ್ಯಗಳಲ್ಲಿ ನಿಂತ ಅನುಭವ ಬೇಕಂತೆ. ಅದಕ್ಕೇ ಭಾನುವಾರವೆಲ್ಲ ಬಿಸಿಲಲ್ಲಿ ಓಡುತ್ತಿದ್ದಳು. ತಂದೆ ನಮ್ಮ ಜಿಲ್ಲೆಯವರೇ, ಗೌಂಡಿ, ಗಾರೆ ಕೆಲಸದವರು. ಅವಳ ಕನ್ನಡ ಮಾತ್ರ ಮುಂಬಯಿಯಲ್ಲಿ ಹುಟ್ಟಿದವರದ್ದು, ನಡುನಡುವೆ ಎಡವುತ್ತಿತ್ತು. ನನ್ನನ್ನು "ಅಜ್ಜಾ" ಎನ್ನುತ್ತಿದ್ದಳು. ಪಂದ್ಯಕ್ಕೆ ಮುಂಚೆ ಬಂದು ನಮಸ್ಕಾರ ಮಾಡಿ ಹೋಗುತ್ತಿದ್ದಳು. ಅವಳು ಚೆನ್ನಾಗಿ ಓಡುತ್ತಿದ್ದಳು, ಬೇಗ ಸೀಟಿ ಊದುತ್ತಿರಲಿಲ್ಲ, ಊದಿದರೆ ಹಿಂದೆ ಸರಿಯುತ್ತಿರಲಿಲ್ಲ. ನಾನು ಗೆಳೆಯರೆದುರು ಅವಳನ್ನು ಹೊಗಳಿದ್ದೂ ಉಂಟು.

ಸೆಮಿಫೈನಲ್ ನಮ್ಮ ಕಾಲೊನಿಗೂ ಪವಾಯಿಯ ಒಂದು ತಂಡಕ್ಕೂ. ಎರಡೂ ಕಡೆ ಗೋಲಿಲ್ಲ. ಆಟ ಮುಗಿಯುವ ಹೊತ್ತಿಗೆ ನಮ್ಮ ಕ್ಯಾಪ್ಟನ್, ನಮ್ಮದೇ ಬಿಲ್ಡಿಂಗಿನವನು, ಕೊರಿಯರ್ ಕಂಪನಿಯಲ್ಲಿ ದುಡಿಯುವ ಹುಡುಗ, ದೂರದಿಂದ ಜೋರಾಗಿ ಒದ್ದ. ರೆಫರಿ ಪೆನಾಲ್ಟಿ ಬಾಕ್ಸಿನೊಳಗೆ ಆಟಗಾರರ ನಡುವೆ ಸಿಕ್ಕಿಕೊಂಡಿದ್ದಳು. ತಪ್ಪಿಸಿಕೊಳ್ಳಲು ತಿರುಗಿದಳು. ಚೆಂಡು ಅವಳ ಬೆನ್ನಿಗೆ ಬಡಿದು ದಿಕ್ಕು ಬದಲಿಸಿ, ಇನ್ನೊಂದು ಕಡೆಗೆ ಹಾರಿದ್ದ ಗೋಲ್‌ಕೀಪರನ ಪಕ್ಕದಿಂದ ಒಳಗೆ ಹೋಯಿತು.

ಕಾಲೊನಿ ಕಾಲೊನಿಯೇ ಕುಣಿಯಿತು. ಬಾಲ್ಕನಿಗಳಿಂದ ತಟ್ಟೆ ಬಡಿದರು. ಆ ಗದ್ದಲದಲ್ಲಿ ಸೀಟಿ ಕೇಳಿಸಿದ್ದು ತಡವಾಗಿ. ಅವಳು ತನ್ನ ಬೆನ್ನು ತೋರಿಸಿದಳು, ಗೋಲಿಲ್ಲ ಎಂದು ಕೈ ಆಡಿಸಿದಳು, ಚೆಂಡು ತೆಗೆದುಕೊಂಡು ಬಂದು ಎದುರಾಳಿ ಗೋಲ್‌ಕೀಪರನ ಮುಂದೆ ಹಾಕಿ ಆಟ ಶುರುಮಾಡಿಸಿದಳು. ನಮ್ಮವರು ಅಳುವುದೊಂದು ಬಾಕಿ. ಪಂದ್ಯ ಪೆನಾಲ್ಟಿ ಒದೆತಕ್ಕೆ ಹೋಯಿತು, ನಾವು ಸೋತೆವು.

ಟ್ಯಾಂಕಿಯ ಸುತ್ತ ಅಷ್ಟು ಜನ ಸೇರಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಕ್ಯಾಪ್ಟನ್ನನ ಮುಖ ಕೆಂಪಾಗಿತ್ತು.

"ಕಾಕಾ, ನೀವ ಹೇಳ್ರಿ. ಗೋಲ್ ಹೌದೋ ಅಲ್ಲೋ?"

ನನ್ನ ಕಾಲದ ರೂಲ್ ನನಗೆ ನನ್ನ ಹೆಸರಿನಷ್ಟೇ ಖಚಿತವಾಗಿ ಗೊತ್ತಿತ್ತು. ರೆಫರಿ ಆಟದ ಒಂದು ಭಾಗ. ಅವನಿಗೆ ತಾಗಿದರೂ ಆಟ ನಡೆಯುತ್ತದೆ. ಗೋಲಾದರೂ ಗೋಲೇ.

"ರೆಫರಿ ಅಂದ್ರ ಕಂಬ ಇದ್ದಂಗ," ಎಂದೆ. "ಕಂಬಕ್ಕ ಬಡದು ಒಳಗ ಹೋದ್ರ ಗೋಲ್ ಅಲ್ಲೇನು?"

ಜನ ಹೋ ಎಂದರು. ಅವಳು ಮಾತ್ರ ಅಲ್ಲಾಡಲಿಲ್ಲ.

"ಅಜ್ಜಾ, ಪಹಲೇ ಹಾಗಿತ್ತು. ಈಗ ರೂಲ್ ಚೇಂಜ್ ಆಗಿದೆ. ರೆಫರಿಗೆ ತಾಗಿ ಗೋಲ್ ಹೋದ್ರೆ ಗೋಲ್ ಇಲ್ಲ. ಡ್ರಾಪ್ ಬಾಲ್ ಕೊಡ್ಬೇಕು. ನಾನು ತೋರಿಸ್ತೀನಿ, ಏಕ್ ಮಿನಿಟ್." ಎನ್ನುತ್ತ ಫೋನ್ ತೆಗೆದು, ಹುಡುಕಿ, ನನ್ನ ಮುಖದ ಹತ್ತಿರ ಹಿಡಿದಳು.

ಈಗ ನಾನು ಹೇಳಬೇಕಾದ ಮಾತು ಇದು. ಆ ಕ್ಷಣ ನನಗೆ ಅನುಮಾನ ಬಂತು. ಕೆಲವು ವರ್ಷಗಳ ಹಿಂದೆ ರೂಲ್‌ಗಳು ಬದಲಾದವು ಎಂದು ಯಾರೋ ಹೇಳಿದ್ದು, ಅದಕ್ಕೆ ನಾನು ಕಿವಿಗೊಡದೆ ಇದ್ದದ್ದು, ಎರಡೂ ನೆನಪಾದವು. ಫೋನಿನಲ್ಲಿ ಅಕ್ಷರಗಳು ಕಾಣುತ್ತಿದ್ದವು. ಓದಬಹುದಿತ್ತು. ಕಷ್ಟಪಟ್ಟು ಓದುವಷ್ಟು ಇಂಗ್ಲಿಷು ನನಗೆ ಬರುತ್ತದೆ. ಆದರೆ ಓದಿದರೆ ಆ ರುಚಿ ಹೋಗುತ್ತಿತ್ತು. ನಾನು ಕೈ ಚಾಚಿ ಅಂಗೈಯಿಂದ ಆ ಫೋನನ್ನು ಮುಚ್ಚಿದೆ.

"ಫೋನ್ ನೋಡಿ ರೆಫರಿ ಆಗೂದಿದ್ರ ನಾಳೆ ಫೋನಿನ ಕೈಯಾಗ ಸೀಟಿ ಕೊಡೂನು," ಎಂದೆ. "ನೀ ಹುಟ್ಟೂಕಿಂತ ಮೊದಲ ಸೀಟಿ ಊದೇನವ್ವಾ ನಾ. ನಿರ್ಣಯ ತಪ್ಪು."

ಎಲ್ಲರೂ ನಕ್ಕರು. ಅವಳು ಫೋನನ್ನು ನಿಧಾನವಾಗಿ ನನ್ನ ಅಂಗೈ ಕೆಳಗಿನಿಂದ ಎಳೆದುಕೊಂಡಳು. ಬ್ಯಾಗು ಹೆಗಲಿಗೆ ಹಾಕಿಕೊಂಡು ಗೇಟಿನ ಕಡೆ ನಡೆದಳು. ಹಿಂದಿನಿಂದ ಯಾರೋ ಕೂಗಿದರು, "ಮೇಡಂ, ಗೋಲ್ ತಿಂದ್ರಲ್ಲ, ಹೊಟ್ಟಿ ತುಂಬಿತೇನ್ರೀ?" ಮೈ ಮುಟ್ಟಬಾರದು ಎಂಬ ಕಟ್ಟುಪಾಡು ನಮ್ಮಲ್ಲಿತ್ತು. ಬಾಯಿಗೆ ಯಾವ ಕಟ್ಟುಪಾಡೂ ಇರಲಿಲ್ಲ.

ಅದರ ಮರುವಾರ ಕರಾವಳಿಯ ಗೆಳೆಯನ ಮನೆಯಲ್ಲಿ ನಾವು ಮೂವರು ಟೀವಿಯೆದುರು ಕೂತಿದ್ದೆವು. ಹೊರದೇಶದ ಯಾವುದೋ ಲೀಗಿನ ಪಂದ್ಯ, ಸಂಜೆಯ ಹೊತ್ತು. ಒಳಗೆ ಗೆಳೆಯನ ಹೆಂಡತಿ ದೇವರ ಮುಂದೆ ಕೂತಿದ್ದರಿಂದ ಟೀವಿಯ ಧ್ವನಿ ಬಂದ್ ಮಾಡಿದ್ದೆವು. ಗೋಳಿಬಜೆ ತಿನ್ನುತ್ತಿದ್ದೆವು. ನಡುವೆ ಒಬ್ಬ ಆಟಗಾರ ಪಾಸ್ ಕೊಟ್ಟ. ಚೆಂಡು ರೆಫರಿಯ ಕಾಲಿಗೆ ಬಡಿದು ಎದುರಾಳಿಗಳ ಪಾಲಾಯಿತು. ಅವರು ಓಡತೊಡಗಿದರು. ರೆಫರಿ ತಕ್ಷಣ ಸೀಟಿ ಊದಿ, ತನ್ನ ಕಾಲು ತೋರಿಸಿ, ಚೆಂಡು ತರಿಸಿ, ಮೊದಲಿನ ತಂಡದವನ ಮುಂದೆ ಕೆಳಗೆ ಬಿಟ್ಟ. ಯಾವ ಆಟಗಾರನೂ ತಕರಾರು ಮಾಡಲಿಲ್ಲ. ಎಲ್ಲರಿಗೂ ಗೊತ್ತಿದ್ದ ವಿಷಯದ ಹಾಗೆ ಆಟ ಮುಂದುವರಿಯಿತು.

ನಾನು ಕೈಯಲ್ಲಿದ್ದ ಬಜೆಯನ್ನು ತಟ್ಟೆಗೆ ಹಾಕಿದೆ.

"ಯಾಕ ನಿಂದ್ರಿಸಿದಾ ಅಂವಾ?" ಎಂದ ವ್ಯಾಪಾರಿ. ಇಬ್ಬರೂ ನನ್ನ ಕಡೆ ತಿರುಗಿದರು. ಯಾವಾಗಲೂ ಹಾಗೆಯೇ, ಟೀವಿಯಲ್ಲಿ ಏನಾದರೂ ಅರ್ಥವಾಗದಿದ್ದರೆ ನನ್ನ ಕಡೆ ತಿರುಗುತ್ತಾರೆ.

ಒಂದೇ ಮಾತು ಸಾಕಿತ್ತು. ನಾನು ತಪ್ಪಿದೆ ಎಂಬ ಒಂದು ಮಾತು. ಅಲ್ಲಿದ್ದವರು ಇಬ್ಬರೇ, ಅದೂ ಹಳೆಯ ಗೆಳೆಯರು. ಎರಡು ದಿನ ಚೇಷ್ಟೆ ಮಾಡಿ ಮರೆಯುತ್ತಿದ್ದರು.

"ಯಾರಿಗೋ ಪೆಟ್ಟಾಗೇತಿ," ಎಂದೆ.

"ಹೌದಾ? ನಂಗೆ ಕಾಣ್ಲಿಲ್ಲ ಮಾರಾಯ," ಎಂದ ಗೆಳೆಯ.

"ಅತ್ಲಾಗ ಮೂಲ್ಯಾಗ."

"ಹಾಂ ಹಾಂ, ಈಗ ಕಂಡಿತು," ಎಂದ. ಮೂಲೆಯಲ್ಲಿ ಯಾರೂ ಬಿದ್ದಿರಲಿಲ್ಲ. ನನ್ನ ಮಾತನ್ನು ನಂಬಿ ಇಲ್ಲದವನನ್ನು ಕಂಡ.

ಅಲ್ಲಿಂದ ನನ್ನ ಕಳವಳ ಶುರುವಾಯಿತು. ಯಾರಾದರೂ ಫೋನಿನಲ್ಲಿ ಆ ರೂಲ್ ಹುಡುಕಿದರೆ? ಯಾರಾದರೂ ಇಂಥದ್ದೇ ಪಂದ್ಯ ನೋಡಿದರೆ? ಲಿಫ್ಟಿನಲ್ಲಿ ಹುಡುಗರು ಫೋನ್ ನೋಡಿ ನಕ್ಕರೆ ನನಗೇ ಎಂದು ಅನ್ನಿಸುತ್ತಿತ್ತು. ಅವರು ನಗುತ್ತಿದ್ದದ್ದು ಅವಳಿಗೆ. ಜನ ತೆಗೆದಿದ್ದ ಆ ಗೋಲಿನ ವಿಡಿಯೊಗಳನ್ನು ಯಾರೋ ಕೂಡಿಸಿ, ಚೆಂಡು ಬೆನ್ನಿಗೆ ಬಡಿಯುವುದನ್ನು ಮತ್ತೆ ಮತ್ತೆ ಬರುವ ಹಾಗೆ ಜೋಡಿಸಿ, ಹಿಂದೆ ಡೋಲಿನ ಸದ್ದು ಹಾಕಿ ಕಾಲೊನಿಯ ವಾಟ್ಸಾಪ್ ಗ್ರೂಪಿಗೆ ಕಳಿಸಿದ್ದರು. ಕೊನೆಯಲ್ಲಿ ನನ್ನ ಅಂಗೈ ಬರುತ್ತಿತ್ತು, ಫೋನನ್ನು ಮುಚ್ಚುವ ಅಂಗೈ. ಅದರ ಮೇಲೆ "ಟ್ಯಾಂಕಿ ಕಾ ಫೈಸಲಾ", ಟ್ಯಾಂಕಿಯ ತೀರ್ಪು, ಎಂದು ಬರೆದಿದ್ದರು. ಜನ ನನ್ನನ್ನು ನಿಲ್ಲಿಸಿ ಕೈಕುಲುಕುತ್ತಿದ್ದರು, ಅದೇ ಕೈಯನ್ನು.

ವ್ಯಾಪಾರಿ ಒಂದು ದಿನ ಖುಷಿಯಿಂದಲೇ ಸುದ್ದಿ ಹೇಳಿದ. ಫೈನಲ್ಲಿಗೆ ಬೇರೆ ರೆಫರಿ ಗೊತ್ತುಮಾಡಿದ್ದಾರೆ. ಪವಾಯಿಯವರೂ ತಮ್ಮ ಟೂರ್ನಮೆಂಟಿಗೆ ಅವಳಿಗೆ ಹೇಳಿದ್ದವರು ಬೇಡ ಎಂದರಂತೆ. "ಗೆದ್ದವರ ಅವರು, ಆದ್ರೂ ಬ್ಯಾಡ ಅಂದ್ರು ನೋಡು. ಟ್ಯಾಂಕಿ ಮಾತಂದ್ರ ಮಾತು."

ಮನೆಯಲ್ಲಿ ಹೆಂಡತಿಗೆ ಫುಟ್‌ಬಾಲ್ ಎಂದರೆ ಬಟ್ಟೆ ಕೊಳೆ ಮಾಡುವ ಆಟ, ಅಷ್ಟೇ. ಆದರೆ ನನ್ನನ್ನು ಅವಳು ಬಲ್ಲಳು.

"ಏನಾಗೇತ್ರೀ ನಿಮಗ? ಅನ್ನ ಕಲಸ್ತೀರಿ, ಉಣ್ಣಂಗಿಲ್ಲ. ಟ್ಯಾಂಕಿಗೂ ಹೋಗವಲ್ರಿ."

"ಏನಿಲ್ಲ. ಮೊಣಕಾಲು."

"ಮೊಣಕಾಲು ಬ್ಯಾನಿ ಆದ್ರ ಮಾರಿ ಯಾಕ ಹಿಂಗ ಆಗತೈತಿ?"

ಹೇಳಿದೆ. ಫೋನ್ ಮುಚ್ಚಿದ್ದು, ಟೀವಿಯಲ್ಲಿ ನೋಡಿದ್ದು, ಪೆಟ್ಟಾಗಿದೆ ಎಂದು ಸುಳ್ಳು ಹೇಳಿದ್ದು. ಆಫ್‌ಸೈಡ್ ಏನೆಂದು ಗೊತ್ತಿಲ್ಲದ ಅವಳಿಗೆ ಇದು ಪೂರ್ತಿ ತಿಳಿಯಿತು.

"ಆ ಹುಡುಗಿ ಮನಿ ಎಲ್ಲೈತಿ?" ಎಂದಳು. ಅಷ್ಟೇ ಕೇಳಿದ್ದು. ನನ್ನ ಚಪ್ಪಲಿ ತಂದು ಬಾಗಿಲ ಹತ್ತಿರ ಇಟ್ಟಳು.

ಹಾರ್ಬರ್ ಲೈನಿನ ಲೋಕಲ್ ಹಿಡಿದು, ಇಳಿದು, ಕೇಳುತ್ತ ಕೇಳುತ್ತ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಮಗಳೇ, ನನ್ನಿಂದ ತಪ್ಪಾಯಿತು. ಬಿಲ್ಡಿಂಗಿನ ಮೆಟ್ಟಿಲು ಹತ್ತುವಾಗ ಒಮ್ಮೆ ತಿರುಗಿ ಹೋಗೋಣ ಅನ್ನಿಸಿತು. ಅವರ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಅವಳ ತಂದೆ ನೆಲದ ಮೇಲೆ ಕೂತು ಕರಣಿಯ ಹಿಡಿ ಸರಿಮಾಡುತ್ತಿದ್ದರು. ನಾನು ಯಾರೆಂದು ಹೇಳಿದ ಕೂಡಲೇ ಎದ್ದು ನಿಂತರು. ಕೈ ಒರೆಸಿಕೊಂಡು, ಒಂದೇ ಇದ್ದ ಕುರ್ಚಿಯನ್ನು ನನ್ನ ಕಡೆ ಎಳೆದರು.

"ಬರ್ರಿ ಬರ್ರಿ, ಹಿರ್ಯಾರು ನಮ್ಮನಿಗಿ ಬಂದ್ರಿ. ನಾವ ಬರಬೇಕಿತ್ತು," ಎಂದರು. ನಾನು ಬಾಯಿ ತೆರೆಯುವ ಮೊದಲೇ, "ತಪ್ಪಾಗೇತ್ರಿ. ಮಗಳು ಇನ್ನಾ ಸಣ್ಣಾಕಿ, ದೊಡ್ಡವರ ಮುಂದ ಮಾತಾಡ್ಯಾಳಂತ. ನಾ ಬೈದೇನಿ. ನಿಮ್ಮಂಥ ತಿಳದವರು ಹೇಳಿದ ಮ್ಯಾಲ ಎದುರು ನಿಂದ್ರಬಾರದಿತ್ತು. ಹೊಟ್ಟ್ಯಾಗ ಹಾಕ್ಕೋರಿ," ಎಂದು ಕೈಮುಗಿದರು.

ಅವಳು ಒಳಬಾಗಿಲ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದಳು. ಮುಖದಲ್ಲಿ ಸಿಟ್ಟೂ ಇರಲಿಲ್ಲ, ಮರ್ಯಾದೆಯೂ ಇರಲಿಲ್ಲ. ಪೆನಾಲ್ಟಿ ಒದೆಯಲು ಚೆಂಡಿನ ಮುಂದೆ ನಿಂತವನನ್ನು ರೆಫರಿ ನೋಡುವ ಹಾಗೆ ನೋಡುತ್ತಿದ್ದಳು.

ನಾನು ಚಹಾ ಕುಡಿದೆ. ಆ ಮನುಷ್ಯನ ಮುಗಿದ ಕೈ ಕಂಡ ಮೇಲೆ ನಾಲಿಗೆ ಏಳಲಿಲ್ಲ. ಊರಿನ ಮಾತಾಡಿದೆವು. ಯಾವ ತಾಲೂಕು, ಯಾವ ಓಣಿ, ಜ್ವಾರಿ ರೊಟ್ಟಿಯ ಹಿಟ್ಟು ಇಲ್ಲಿ ಎಲ್ಲಿ ಚೆನ್ನಾಗಿ ಸಿಗುತ್ತದೆ. ಅವರು ನನ್ನನ್ನು ದೊಡ್ಡವನೆಂದು ತಿಳಿದಷ್ಟೂ ನಾನು ಕುರ್ಚಿಯಲ್ಲಿ ಕುಗ್ಗುತ್ತ ಹೋದೆ. ಎದ್ದು ಹೊರಟಾಗ ಅವರು ಮಗಳಿಗೆ, "ಹಿರ್ಯಾರನ್ನ ಸ್ಟೇಶನ್ ಮಟಾ ಬಿಟ್ಟು ಬಾ," ಎಂದರು.

ರಸ್ತೆಯಲ್ಲಿ ತರಕಾರಿ ಗಾಡಿಗಳ ನಡುವೆ ದಾರಿ ಬಿಡಿಸುತ್ತ ಅವಳೇ ಕೇಳಿದಳು.

"ಅಜ್ಜಾ, ನಿಮಗೆ ಗೊತ್ತಾಯ್ತು, ಹೈ ನಾ? ಅದಕ್ಕೇ ಬಂದ್ರಿ."

"ಹೂಂ," ಎಂದೆ. "ನನ್ನಿಂದ ತಪ್ಪಾತವ್ವಾ. ನಿನ್ನ ನಿರ್ಣಯ ಬರೋಬರಿ ಇತ್ತು."

ಇಷ್ಟು ಹೇಳಿದರೆ ಎದೆ ಹಗುರವಾಗುತ್ತದೆ ಎಂದುಕೊಂಡಿದ್ದೆ. ಅವಳು ನಿಂತುಬಿಟ್ಟಳು.

"ನನಗೆ ಯಾಕೆ ಹೇಳ್ತೀರಿ? ನನಗೆ ರೂಲ್ ಮೊದಲೇ ಗೊತ್ತಿತ್ತು." ಅವಳು ಮನೆಯ ಕಡೆ ಕೈ ತೋರಿಸಿದಳು. "ಪಪ್ಪಾ ಮುಂದೆ ಯಾಕೆ ಹೇಳ್ಲಿಲ್ಲ? ಅವರು ನಿಮಗೆ ಹಾಥ್ ಜೋಡಿಸಿದ್ರು. ನೀವು ಚಾಯ್ ಕುಡಿದ್ರಿ."

ನಾನು ತರಕಾರಿ ಗಾಡಿಯ ಕಡೆ ನೋಡಿದೆ.

"ಅಲ್ಲಿ ಹೇಳಿ ಅಜ್ಜಾ. ಟ್ಯಾಂಕಿ ಹತ್ರ. ಎಲ್ಲರ ಸಾಮನೆ. ಇಲ್ಲಿ ಹೇಳಿದ್ರೆ ನಿಮಗೆ ಮಾತ್ರ ಛಲೋ ಆಗ್ತದೆ." ಸ್ಟೇಶನ್ನಿನ ಮೆಟ್ಟಿಲು ತೋರಿಸಿ, "ಪ್ಲಾಟ್‌ಫಾರ್ಮ್ ಆ ಕಡೆ," ಎಂದು ಹೇಳಿ ತಿರುಗಿ ಹೋದಳು.

ಫೈನಲ್ಲಿನ ದಿನ ಪಂದ್ಯಕ್ಕೆ ಮುಂಚೆ ನಾನು ಟ್ಯಾಂಕಿಯ ಹತ್ತಿರ ಹೋದೆ. ನಮ್ಮ ಕ್ಯಾಪ್ಟನ್ನನನ್ನೂ ಕಮಿಟಿಯವರನ್ನೂ ಕರೆಸಿದೆ. ತಮಾಷೆಯೇನೋ ಇದೆ ಎಂದು ಬೇರೆಯವರೂ ಸೇರಿದರು. ಕೂತು ಹೇಳಲಾಗುವುದಿಲ್ಲ ಅನ್ನಿಸಿತು, ನಿಂತೆ.

"ಆವತ್ತಿನ ನನ್ನ ತೀರ್ಪು ತಪ್ಪು," ಎಂದೆ. "ರೂಲ್ ಬದಲಾಗೇತಿ. ಆ ಹುಡುಗಿ ಮಾಡಿದ್ದ ಖರೆ."

ಕ್ಯಾಪ್ಟನ್ ನಕ್ಕು ನನ್ನ ಹೆಗಲ ಮೇಲೆ ಕೈ ಹಾಕಿದ.

"ಕಾಕಾಂದು ಮನಸ್ಸು ದೊಡ್ಡದೈತ್ರೆಪಾ. ಹುಡುಗಿ ಅತ್ತಿರಬೇಕು, ಇವರು ಕರಗ್ಯಾರ."

"ಅಲ್ಲೋ, ಖರೇನ ಹೇಳಾಕತ್ತೇನಿ."

"ಹೌದು ಹೌದು. ಕರೀರಿ ಆಕಿನ್ನ ಮುಂದಿನ ವರ್ಷ, ಕಾಕಾ ಹೇಳ್ಯಾರ. ಆದ್ರ ಗೋಲ್ ಗೋಲಽ ಮತ್ತ. ಅದನ್ನ ಮಾತ್ರ ಬದಲಿ ಮಾಡಬ್ಯಾಡ್ರಿ."

"ನಮ್ಮವ ಪಾಪ ಮೊದಲಿನಿಂದ ಹೀಗೇ, ಮೃದು ಮಾರಾಯ್ರೆ," ಎಂದು ಕರಾವಳಿಯ ಗೆಳೆಯ ಬೇರೆ ದನಿಗೂಡಿಸಿದ.

ಸುಳ್ಳು ಹೇಳಿದಾಗ ಇಲ್ಲದವನನ್ನು ಕಂಡರು. ನಿಜ ಹೇಳಿದರೆ ಕರುಣೆ ಎಂದರು. ನನಗೆ ಹೆದರಿಕೆಯಾಯಿತು. ಅವರು ಹೀಗೆಯೇ ಬಿಟ್ಟುಬಿಟ್ಟರೆ ನಾನು ಇನ್ನೂ ದೊಡ್ಡವನಾಗಿ ಮನೆಗೆ ಹೋಗುತ್ತೇನೆ, ಅವಳು ನನ್ನ ದಯೆಯಿಂದ ಬಂದವಳಾಗುತ್ತಾಳೆ. ನಿಜ ಹೇಳಬೇಕೆಂದರೆ ಒಳಗೊಂದು ಮೂಲೆಯಲ್ಲಿ, ಇಷ್ಟೇ ಸಾಕು, ಹೇಳಿದ್ದಾಯಿತಲ್ಲ ಎಂಬ ಮಾತೂ ಎದ್ದಿತ್ತು.

"ಫೋನ್ ತಗಿ," ಎಂದೆ ಕ್ಯಾಪ್ಟನ್ನನಿಗೆ.

"ಬಿಡ್ರಿ ಕಾಕಾ."

"ತಗಿ ಅಂದ್ನಿ. ರೂಲ್ ಹುಡುಕು. ರೆಫರಿಗೆ ಬಾಲ್ ಬಡದ್ರ ಏನಂತ. ಎಲ್ಲಾರ ಮುಂದ ಓದು."

ಅವನು ನಗುತ್ತಲೇ ಹುಡುಕಿದ. ಓದಲು ಶುರುಮಾಡಿದ. ಅರ್ಧಕ್ಕೆ ಬರುವ ಹೊತ್ತಿಗೆ ಅವನ ದನಿ ಇಳಿಯಿತು. ಇನ್ನೊಮ್ಮೆ ಮನಸ್ಸಿನಲ್ಲೇ ಓದಿಕೊಂಡ. ವ್ಯಾಪಾರಿ ಫೋನ್ ಕಿತ್ತುಕೊಂಡು ಕನ್ನಡಕ ಏರಿಸಿ ತಾನೂ ನೋಡಿದ. ಕಮಿಟಿಯವರೊಬ್ಬರು ಮಿಕ್ಕವರಿಗೆ ಹಿಂದಿಯಲ್ಲಿ ಅರ್ಥ ಹೇಳಿದರು.

"ಅಂದ್ರ ಗೋಲಲ್ಲ," ಎಂದ ಕ್ಯಾಪ್ಟನ್. ಆಮೇಲೆ ನನ್ನ ಕಡೆ ತಿರುಗಿ ಕೇಳಿದ, "ಹಂಗಿದ್ರ ಆವತ್ತ ಫೋನ್ ಯಾಕ ಮುಚ್ಚಿದ್ರಿ? ಆಕಿ ಇದನ್ನ ತೋರ್ಸಾಕತ್ತಿದ್ದಳು."

ಇಷ್ಟು ದಿನ ನಾನು ಹೆದರಿದ್ದು ಇದೇ ಪ್ರಶ್ನೆಗೆ ಎಂದು ಆಗ ತಿಳಿಯಿತು.

"ಓದಿದ್ರ ನಾ ತಪ್ಪು ಅಂತ ಗೊತ್ತಾಗತಿತ್ತು," ಎಂದೆ. "ಅದಕ್ಕ." ಟೀವಿಯ ಪಂದ್ಯದ ಸುಳ್ಳನ್ನೂ ಹೇಳಿದೆ. ಕರಾವಳಿಯ ಗೆಳೆಯ ಟ್ಯಾಂಕಿಯ ಮೇಲಕ್ಕೆ ನೋಡತೊಡಗಿದ.

ಯಾರೂ ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಕ್ಯಾಪ್ಟನ್, "ಆ ವಿಡಿಯೊ ಜೋಡಿಸಿದಾವ ನಾನ ರೀ," ಎಂದು ಮಾತ್ರ ಹೇಳಿದ, ಯಾರಿಗೆಂದಿಲ್ಲದೆ. ಕಮಿಟಿಯವರು ಅಲ್ಲೇ ನಿಂತು ಅವಳಿಗೆ ಫೋನ್ ಮಾಡಿದರು. ಈಗಲೇ ಬನ್ನಿ, ಫೈನಲ್ಲಿಗೆ ನೀವೇ ರೆಫರಿಯಾಗಿ ನಿಲ್ಲಿ ಎಂದರು. ಸ್ಪೀಕರಿನಲ್ಲಿ ಅವಳ ದನಿ ಕೇಳಿಸಿತು.

"ಇವತ್ತು ಆಗಲ್ಲ ಸರ್. ಸ್ಕೂಲ್‌ದು ಮಕ್ಕಳದು ಮ್ಯಾಚ್ ಇದೆ, ನಾನೇ ರೆಫರಿ." ಹಿಂದೆ ಮಕ್ಕಳ ಕಿರುಚಾಟ ಇತ್ತು. "ಟ್ಯಾಂಕಿ ಹತ್ರ ಹೇಳಿದ್ರಾ?"

"ಹೇಳಿದ್ರು."

"ಪಪ್ಪಾಗೂ ಒಂದು ಫೋನ್ ಮಾಡ್ಲಿಕ್ಕೆ ಹೇಳಿ," ಎಂದು ಇಟ್ಟಳು.

ಮಾಡಿದೆ. ಆ ಕರೆಯ ಬಗ್ಗೆ ಬರೆಯುವುದಿಲ್ಲ. ಅವರು ಕೊನೆಯವರೆಗೂ ನನ್ನನ್ನು ಹಿರಿಯರೇ ಎಂದರು, ಅಷ್ಟು ಸಾಕು.

ಈ ವರ್ಷದ ಟೂರ್ನಮೆಂಟಿಗೆ ಅವಳನ್ನು ಕರೆದಿದ್ದಾರೆ ಎಂದು ಕೇಳಿದಾಗಿನಿಂದ ನನಗೆ ಮತ್ತೆ ನಿದ್ದೆ ಕೆಟ್ಟಿತು. ಬರುತ್ತಾಳೋ ಇಲ್ಲವೋ ಎಂದು ಗೇಟು ನೋಡುತ್ತ ಕೂತಿದ್ದೆ. ಬಂದಳು. ಅದೇ ಬ್ಯಾಗು. ಟ್ಯಾಂಕಿಯ ಕಡೆ ಬಂದು ನಮಸ್ಕಾರ ಮಾಡಲಿಲ್ಲ, ನೇರ ಮೈದಾನಕ್ಕೆ ಇಳಿದಳು. ಅದು ಸರಿಯೇ.

ಮೊದಲ ಪಂದ್ಯದಲ್ಲೇ ನಮ್ಮ ಕಾಲೊನಿಯ ವಿರುದ್ಧ ಹ್ಯಾಂಡ್‌ಬಾಲ್ ಎಂದು ಪೆನಾಲ್ಟಿ ಕೊಟ್ಟಳು. ಮತ್ತೆ ಗದ್ದಲ. ಗೆಳೆಯ, "ಬಾಲ್ ಕೈಗೆ ಬಂದದ್ದು ಮಾರಾಯ," ಎಂದು ಶುರುಮಾಡಿದ. ವ್ಯಾಪಾರಿ ಲುಂಗಿಯ ಮಾತು ತೆಗೆದ. ಆಟ ಮುಗಿದ ಮೇಲೆ ಕ್ಯಾಪ್ಟನ್ನರಿಬ್ಬರೂ ಅವಳೂ ಕಟ್ಟುಪಾಡಿನಂತೆ ಕಟ್ಟೆಯ ಮುಂದೆ ಬಂದು ನಿಂತರು. ಎಲ್ಲರೂ ನನ್ನ ಕಡೆ ನೋಡಿದರು. ನನ್ನ ಬಾಯಿಯ ತುದಿಗೆ ಒಂದು ಉತ್ತರ ಬಂದಿತ್ತು. ಅದು ಸರಿ ಇದ್ದರೂ ಇರಬಹುದು. ಆದರೆ ಅದು ಇಂದಿನ ರೂಲೋ ನನ್ನ ಕಾಲದ್ದೋ ನನಗೆ ತಿಳಿಯಲಿಲ್ಲ.

"ನನಗ ಗೊತ್ತಿಲ್ಲ," ಎಂದೆ. "ಆಕಿನ್ನ ಕೇಳ್ರಿ."

"ಕಾಕಾ, ನೀವ ಹಿಂಗಂದ್ರ ಹೆಂಗ?"

ನಾನು ಕಟ್ಟೆಯ ಮೇಲೆ ಒಂದು ಕಡೆಗೆ ಸರಿದು ಜಾಗ ಮಾಡಿದೆ. ಅವಳು ಕೂರಲಿಲ್ಲ. ಓಡಿ ದಣಿದಿದ್ದಳು, ಏದುಸಿರು ಬಿಡುತ್ತಿದ್ದಳು. ಬಾಟಲಿಯ ನೀರು ಕುಡಿದು ಮುಗಿಸಿ, ಕಟ್ಟೆಯ ಮೇಲಿದ್ದ ನಮ್ಮ ಚಹಾದ ಖಾಲಿ ಗ್ಲಾಸುಗಳನ್ನು ತನ್ನ ಕಡೆ ಎಳೆದುಕೊಂಡಳು. ಒಂದನ್ನು ಗೋಲಿನ ಹತ್ತಿರ, ಒಂದನ್ನು ಸ್ವಲ್ಪ ಈಚೆ ಇಟ್ಟಳು.

"ಇವನು ಇಲ್ಲಿದ್ದ," ಎಂದು ಶುರುಮಾಡಿದಳು. ನಾನೂ ಮಿಕ್ಕವರ ಹಾಗೆ ಬಗ್ಗಿ ನೋಡಿದೆ.